ಚಾಕುವಿಗಿಂತ ಮೊದಲು ಟೇಪು

ನಮ್ಮ ತಾತನ ನೋಟ್‌ಬುಕ್ಕಿನಲ್ಲಿ ಒಂದು ಪುಟ ಹೀಗಿದೆ. "ಚಿರತೆ, ಗಂಡು. ಮೂಗಿನ ತುದಿಯಿಂದ ಬಾಲದ ಬುಡಕ್ಕೆ 4 ಅಡಿ 5 ಇಂಚು. ಬಾಲ 2 ಅಡಿ 8 ಇಂಚು. ಕಣ್ಣಿಂದ ಮೂಗು 3 ಇಂಚು 2 ನೂಲು. ಕತ್ತು, ಕಿವಿಯ ಹಿಂದೆ, 16 ಇಂಚು. ಎಡಗಿವಿ ತುದಿ ಹರಿದಿದೆ. ಹಾಗೇ ಇರಲಿ."

ಪೆನ್ಸಿಲ್ ಬರಹ, ಅರ್ಧ ಅಳಿಸಿ ಹೋಗಿದೆ. ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ, ಬಡಗಿಗಳ ಲೆಕ್ಕ. ಚಿಕ್ಕವನಿದ್ದಾಗ ಈ ಪುಸ್ತಕ ನನಗೆ ಬರೀ ನಂಬರುಗಳ ರಾಶಿ. ಈಗ ಆ ಕೊನೇ ಎರಡು ಮಾತು ಓದಿದಾಗೆಲ್ಲ ಮನಸ್ಸು ಅಲ್ಲೇ ನಿಲ್ಲುತ್ತದೆ. ಹರಿದ ಕಿವಿ ಹೊಲಿದು ಚೆಂದ ಮಾಡೋದು ಸುಲಭ. ತಾತ ಬೇಡ ಅಂದಿದ್ದಾರೆ. ಆ ಚಿರತೆಯ ಕಿವಿ ಹರಿದಿತ್ತು, ಹಾಗಾಗಿ ಹರಿದೇ ಇರಬೇಕು.

ತಾತ ಕೆಲಸ ಮಾಡುತ್ತಿದ್ದದ್ದು ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯಲ್ಲಿ. ಹಳೇ ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಹೊಸಬರಿಗೆ ಹೇಳುತ್ತೇನೆ. 1900ರಿಂದ 1999ರವರೆಗೆ, ಹತ್ತಿರ ಹತ್ತಿರ ನೂರು ವರ್ಷ, ಸತ್ತ ಪ್ರಾಣಿಗಳ ಚರ್ಮ ಬಿಡಿಸಿ, ಬೊಂಬೆಯ ಮೇಲೆ ಏರಿಸಿ, ಅವಕ್ಕೆ ಮತ್ತೆ ರೂಪ ಕೊಡುವ ಕೆಲಸ ನಮ್ಮೂರಲ್ಲಿ ನಡೀತಿತ್ತು. ಹುಲಿ ಚಿರತೆಗಳೇ 43 ಸಾವಿರಕ್ಕೂ ಹೆಚ್ಚು ಅಲ್ಲಿ ತಯಾರಾದವು ಅಂತ ಲೆಕ್ಕ. ಅಷ್ಟು ಪ್ರಾಣಿ ಸತ್ತವು ಅನ್ನೋದು ನೆನೆಸಿಕೊಂಡರೆ ಹೊಟ್ಟೆ ತೊಳೆಸುತ್ತದೆ. ಅದನ್ನ ಮುಚ್ಚಿಟ್ಟು ಈ ವಿಷಯ ಬರೆಯೋಕೆ ನನಗೆ ಇಷ್ಟ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಬಾಗಿಲು ಮುಚ್ಚುತ್ತಾ ಬಂತು, ಮುಚ್ಚಿದ್ದು ಒಳ್ಳೇದೇ ಆಯಿತು. ಇವತ್ತು ಕಾಡುಪ್ರಾಣಿಯ ಹಳೇ ತಲೆಯೊಂದು ಗೋಡೆ ಮೇಲೆ ಇದ್ದರೂ ಅದಕ್ಕೆ ಅರಣ್ಯ ಇಲಾಖೆಯ ಮಾಲೀಕತ್ವದ ಪತ್ರ ಬೇಕು, ಮಾರೋ ಹಾಗಿಲ್ಲ. ನಾನು ಮುಟ್ಟೋದು ಸಾಕಿದ ಪ್ರಾಣಿಗಳನ್ನ ಮಾತ್ರ, ಅದೂ ತಾವಾಗೇ ಸತ್ತವನ್ನ.

ಆದರೆ ಅಳತೆ ತಗೊಳ್ಳೋ ವಿದ್ಯೆ ಇದೆಯಲ್ಲ, ಅದು ಹುಲಿಗೂ ಅದೇ, ಕುರಿಗೂ ಅದೇ. ಅದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಬರೀತಾ ಇದ್ದೇನೆ.

ಮೊದಲು ನಾನು ಕೆಡಿಸಿದ ಕೆಲಸ ಹೇಳಬೇಕು. ನನ್ನದು ಫೋಟೊಗೆ ಕಟ್ಟು ಹಾಕೋ ಸಣ್ಣ ಅಂಗಡಿ. ನಮ್ಮ ಬೀದಿಯ ಒಂದು ಹುಡುಗಿ ಬಿಳೀ ಮೊಲ ಸಾಕಿದ್ದಳು. ಅದು ಸತ್ತಾಗ ಅವರಪ್ಪ ಬಂದು, ನಿಮ್ಮ ತಾತ ಮಾಡ್ತಿದ್ರಂತಲ್ಲ, ನೀವು ಮಾಡಿಕೊಡ್ತೀರಾ ಅಂತ ಕೇಳಿದರು. ಒಪ್ಪಿಕೊಂಡೆ. ಕೈ ಚುರುಕಾಗಿದೆ ಅಂತ ತೋರಿಸೋ ಆಸೆಗೆ ಮೊದಲು ಚರ್ಮ ಬಿಡಿಸಿಬಿಟ್ಟೆ. ನೀಟಾಗಿ ಬಂತು, ಎಲ್ಲೂ ತೂತಾಗಲಿಲ್ಲ. ಆಮೇಲೆ ಆ ಚರ್ಮಾನ ಮೇಜಿನ ಮೇಲೆ ಹರಡಿ ಅದರ ಉದ್ದ ಅಳೆದೆ. ಅಳೆದಷ್ಟೇ ಉದ್ದದ ಒಳಮೈ, ಅಂದರೆ ಚರ್ಮದ ಒಳಗೆ ಕೂರೋ ಬೊಂಬೆ, ಮಾಡಿದೆ. ಹುಡುಗಿ ಬಂದು ನೋಡಿದಳು. ತುಂಬಾ ಹೊತ್ತು ನೋಡಿದಳು. "ಇದು ನಮ್ದಲ್ಲ ಅಂಕಲ್" ಅಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಇನ್ನೊಂದು ಮೊಲಾನ ನೋಡಿದ ಹಾಗೆ ನೋಡಿ ಹೊರಟುಹೋದಳು.

ಅವತ್ತು ರಾತ್ರಿ ತಾತನ ನೋಟ್‌ಬುಕ್ ತೆಗೆದೆ.

ಏನಾಗಿತ್ತು ಅಂದರೆ, ಹಸಿ ಚರ್ಮಕ್ಕೆ ತನ್ನದೇ ಅಂತ ಒಂದು ಅಳತೆ ಇಲ್ಲ. ಮೈಮೇಲೆ ಇರೋವರೆಗೆ ಮೂಳೆ ಮಾಂಸ ಅದನ್ನ ಹಿಡಿದುಕೊಂಡಿರುತ್ತವೆ. ಬಿಡಿಸಿದ ಕ್ಷಣಕ್ಕೆ ಅದು ಎಳೆದ ಕಡೆ ಹೋಗುತ್ತದೆ. ಉದ್ದಕ್ಕೆ ಎಳೆದರೆ ಉದ್ದ, ಅಗಲಕ್ಕೆ ಎಳೆದರೆ ಅಗಲ. ಉಪ್ಪು ಹಾಕಿದರೆ ನೀರು ಬಿಟ್ಟು ಕುಗ್ಗುತ್ತದೆ, ನೆನೆಸಿದರೆ ಮತ್ತೆ ಸಡಿಲ ಆಗುತ್ತದೆ. ಹುಲಿ ಚರ್ಮಾನ ನೆಲದ ಮೇಲೆ ಮೊಳೆ ಹೊಡೆದು ಎಳೆದು ಒಣಗಿಸಿದರೆ ನಿಜವಾದ ಹುಲಿಗಿಂತ ಒಂದು ಅಡಿ ಜಾಸ್ತಿ ತೋರಿಸೋದು ಕಷ್ಟವೇನಲ್ಲ. ಶಿಕಾರಿಯ ಕಾಲದಲ್ಲಿ ಹನ್ನೊಂದು ಅಡಿ ಹುಲಿ ಹೊಡೆದೆ ಅನ್ನೋ ಕಥೆಗಳಲ್ಲಿ ಎಷ್ಟೋ ಹೀಗೇ ಹುಟ್ಟಿದವು.

ಅದಕ್ಕೇ ಹುಲಿಗೆ ಗೂಟದ ಅಳತೆ ಅಂತ ಒಂದು ಪದ್ಧತಿ ಬಂತು. ಸತ್ತ ಹುಲಿಯನ್ನ ಸಮತಟ್ಟಾದ ನೆಲದ ಮೇಲೆ ಮಲಗಿಸಬೇಕು. ತಲೆ ಬಾಲ ಎರಡನ್ನೂ ನೇರ ಮಾಡಬೇಕು. ಮೂಗಿನ ತುದಿಗೆ ಒಂದು ಗೂಟ, ಬಾಲದ ಕೊನೇ ಮೂಳೆ ಮುಗಿಯೋ ಕಡೆ ಇನ್ನೊಂದು ಗೂಟ. ಆಮೇಲೆ ಹುಲಿಯನ್ನ ಪಕ್ಕಕ್ಕೆ ಎಳೆದು ಗೂಟದಿಂದ ಗೂಟಕ್ಕೆ ಟೇಪು ಹಿಡಿಯೋದು. ಇದರಲ್ಲಿ ಮೋಸಕ್ಕೆ ಜಾಗ ಕಮ್ಮಿ. ಇನ್ನೊಂದು ಪದ್ಧತಿ ಮೈಮೇಲೇ ಟೇಪು ಓಡಿಸೋದು, ಮೂಗಿಂದ ಹಣೆ, ಹಣೆಯಿಂದ ಕತ್ತು, ಬೆನ್ನಿನ ಏರಿಳಿತಕ್ಕೆಲ್ಲ ಒತ್ತಿಕೊಂಡು ಬಾಲದ ತುದಿಯವರೆಗೆ. ಇದರಲ್ಲಿ ಅದೇ ಹುಲಿ ಹಲವು ಇಂಚು ಉದ್ದ ಬರುತ್ತದೆ. ವೈಸರಾಯ್ ಶಿಕಾರಿಗೆ ಬಂದಾಗ ಅಡಿಗೆ ಹನ್ನೊಂದೇ ಇಂಚಿರೋ ಟೇಪು ಬಳಸ್ತಿದ್ದರು ಅನ್ನೋ ಮಾತೂ ಆ ಕಾಲದವರ ಬಾಯಲ್ಲಿ ಓಡಾಡ್ತಿತ್ತು. ಹೊಗಳಿಕೆಗೆ ಅದು ಸಾಕು. ಒಳಮೈ ಮಾಡೋನಿಗೆ ಅಂಥ ನಂಬರು ಬಂದರೆ ಅವನು ಕೆಟ್ಟ. ತಾತ ಹೇಳ್ತಿದ್ದರು, ಚರ್ಮ ರೈಲಿನಲ್ಲಿ ಎಲ್ಲೆಲ್ಲಿಂದಲೋ ಬರೋದು, ಜತೆಗೆ ಒಂದು ಚೀಟಿ ಬರೋದು, ಚೀಟಿಯಲ್ಲಿ ಅಳತೆ ಇದ್ದರೂ ಅದು ಗೂಟದ್ದೋ ಮೈಮೇಲಿನದೋ ಅಂತ ಬರೆಯದೇ ಇದ್ದರೆ ಅದು ಇದ್ದೂ ಇಲ್ಲದ ಹಾಗೆ ಅಂತ.

ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಅಚ್ಚುಗಳಿದ್ದವು. ಆ ಅಚ್ಚಿನೊಳಗೆ ಕಾಗದ ಅಂಟು ಪದರ ಪದರವಾಗಿ ಮೆತ್ತಿ, ಒಣಗಿದ ಮೇಲೆ ಬಿಡಿಸಿದರೆ ಟೊಳ್ಳಾದ ಹಗುರ ಬೊಂಬೆ. ಅದರ ಮೇಲೆ ಚರ್ಮ. ಯಾವ ಚರ್ಮಕ್ಕೆ ಯಾವ ಬೊಂಬೆ ಅಂತ ಆರಿಸೋದಕ್ಕೆ ಅಳತೆ ಬೇಕು. ಅದರಲ್ಲಿ ಎಲ್ಲಕ್ಕಿಂತ ಮುಖ್ಯ ಕಣ್ಣಿಂದ ಮೂಗಿಗೆ. ಕಣ್ಣಿನ ಮುಂದಿನ ಮೂಲೆ, ಅಂದರೆ ನೀರು ಇಳಿಯೋ ಮೂಲೆ, ಅಲ್ಲಿಂದ ಮೂಗಿನ ತುದಿಗೆ. ಚಿರತೆ, ಜಿಂಕೆ, ಕಡವೆ, ಯಾವುದೇ ಇರಲಿ, ಮುಖದ ಗಾತ್ರ ಹೇಳೋದು ಅದೇ. ಕತ್ತು ಒಂದಿಷ್ಟು ಹೆಚ್ಚುಕಮ್ಮಿ ಆದರೆ ತುಂಬಿಸಬಹುದು, ಕೆತ್ತಬಹುದು. ಕಣ್ಣಿಂದ ಮೂಗಿಗೆ ಎರಡು ನೂಲು ತಪ್ಪಿದರೆ ಕಣ್ಣಿನ ತೂತು ಕಣ್ಣಿನ ಮೇಲೆ ಕೂರೋದಿಲ್ಲ. ಎಳೆದು ಕೂರಿಸಿದರೆ ಮುಖ ಬೇರೆ ಯಾರದ್ದೋ ಆಗುತ್ತದೆ. ಮೊಲಕ್ಕೆ ಆದದ್ದು ಅದೇ.

ಕೊಂಬಿಗೆ ಅವಸರ ಇಲ್ಲ, ಇದೂ ಪುಸ್ತಕದಲ್ಲೇ ಇದೆ. ಜಿಂಕೆ ಕೊಂಬನ್ನ ಬುಡದ ಗಂಟಿನ ಕೆಳ ಅಂಚಿನಿಂದ, ಹೊರಗಿನ ಬಾಗಿಗೆ ಟೇಪು ಒತ್ತಿಕೊಂಡು, ಅತಿ ಉದ್ದದ ಕವಲಿನ ತುದಿಯವರೆಗೆ ಅಳೀತಾರೆ. ಇವತ್ತು ಅಳೆಯಿರಿ, ವರ್ಷ ಬಿಟ್ಟು ಅಳೆಯಿರಿ, ಅಂಥಾ ವ್ಯತ್ಯಾಸ ಇರೋದಿಲ್ಲ. ಕಾಯದೇ ಇರೋದು ಕಣ್ಣು, ಮೂಗು, ತುಟಿ. ಪ್ರಾಣ ಹೋದ ಕೆಲವೇ ಗಂಟೆಗೆ ಕಣ್ಣು ಒಳಗೆ ಇಳಿಯುತ್ತದೆ, ಮೂಗು ಒಣಗಿ ಮುದುರುತ್ತದೆ, ಹೊಟ್ಟೆ ಉಬ್ಬುತ್ತದೆ. ಉಬ್ಬಿದ ಹೊಟ್ಟೆಯ ಸುತ್ತಳತೆ ಬರೆದುಕೊಂಡರೆ ಅದು ಗಾಳಿಯ ಅಳತೆ, ಪ್ರಾಣಿಯದ್ದಲ್ಲ.

ಈಗ ನಮ್ಮ ಮಾವನ ಟಗರಿನ ವಿಷಯ.

ನನ್ನ ಸೋದರಮಾವ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನವರು. ಅಪ್ಪಟ ಬಂಡೂರು ಕುರಿ ಸಾಕಿಕೊಂಡು ಬಂದ ಮನೆ. ಬಂಡೂರು ಕುರಿ ನೋಡದೇ ಇರೋರಿಗೆ ಹೇಳೋದಾದರೆ, ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತೊಡೆಗಳು ತಲೆಕೆಳಗಾದ ಲಾಳದ ಹಾಗೆ ಕಾಣುತ್ತವೆ. ಬಿಳೀ ಮೈ, ಕೆಲವಕ್ಕೆ ಮುಖದ ಮೇಲೆ ತೆಳು ಕಂದು. ಎಲೆ ಹಾಗೆ ಜೋತುಬಿದ್ದ ಉದ್ದನೆ ಕಿವಿ. ಟಗರಿಗೂ ಕೊಂಬಿಲ್ಲ. ಎಷ್ಟೋ ಕುರಿಗಳಿಗೆ ಕೊರಳಲ್ಲಿ ಎರಡು ಮಾಂಸದ ಎಳೆ ನೇತಾಡುತ್ತಿರುತ್ತವೆ. ಕೆಲಸಕ್ಕೆ ಬಾರದ್ದಕ್ಕೆ ಆಡಿನ ಕೊರಳ ಮೊಲೆ ಅಂತೀವಲ್ಲ, ಅದೇ. ನನ್ನ ಕೆಲಸದಲ್ಲಿ ಮಾತ್ರ ಆ ಎರಡು ಎಳೆ ಬಹಳ ದೊಡ್ಡವು, ಯಾಕೆ ಅಂತ ಮುಂದೆ ಹೇಳ್ತೀನಿ.

ಮಾವನ ಬೀಜದ ಟಗರಿಗೆ ಒಂಬತ್ತು ವರ್ಷ ಆಗಿತ್ತು. ಕುರಿಗೆ ಅದು ಮುಪ್ಪು. ಹತ್ತು ಹನ್ನೆರಡು ದಿನದಿಂದ ಮೇವು ಬಿಟ್ಟಿತ್ತು, ಪಶು ಡಾಕ್ಟ್ರು ದಿನಾ ಬಂದು ನೋಡಿ ಹೋಗ್ತಿದ್ದರು, ಇನ್ನು ಕಷ್ಟ ಅಂದಿದ್ದರು. ಒಂದು ದಿನ ಬೆಳಗಿನ ಜಾವ ಮಾವನ ಫೋನು. "ಓಯ್ತು ಕಣ್ಲಾ. ನಿನ್ ಟೇಪು ಗೀಪು ತಗಂಡು ಬಿರ್‌ಬಿರ್ನೆ ಬಾ." ಬೈಕ್ ತೆಗೆದು ಬನ್ನೂರು, ಕಿರುಗಾವಲು ದಾಟಿ ಹೋಗೋ ಹೊತ್ತಿಗೆ ಬಿಸಿಲು ಇನ್ನೂ ಏರಿರಲಿಲ್ಲ. ಟಗರನ್ನ ಹುಣಸೇಮರದ ನೆರಳಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದರು. ಅತ್ತೆ ಅದರ ಹಣೆಗೆ ಕುಂಕುಮ ಇಟ್ಟಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಚೆನ್ನಾಗಿದ್ದ ಕುರಿ, ದನ ಇದ್ದಕ್ಕಿದ್ದ ಹಾಗೆ ಸತ್ತರೆ, ಮೂಗು ಬಾಯಿ ಹಿಂಭಾಗದಿಂದ ಕಪ್ಪು ರಕ್ತ ಬಂದಿದ್ದರೆ, ದಯವಿಟ್ಟು ಚಾಕು ಹಾಕಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಇರಬಹುದು. ಮನುಷ್ಯರಿಗೂ ಹತ್ತುತ್ತದೆ, ಜೀವಕ್ಕೇ ತರುತ್ತದೆ, ಹೊಟ್ಟೆ ಕೊಯ್ದರೆ ಮಣ್ಣಿನಲ್ಲೂ ಎಷ್ಟೋ ವರ್ಷ ಉಳಿಯುತ್ತದೆ. ಡಾಕ್ಟ್ರು ಬಂದು ನೋಡಿ ಪರವಾಗಿಲ್ಲ ಅಂದ ಮೇಲೇ ನಾನು ಗ್ಲೌಸ್ ಹಾಕಿಕೊಂಡದ್ದು. ಗ್ಲೌಸ್ ಅಂದ ಕೂಡಲೇ ಇನ್ನೊಂದು ನೆನಪಾಯಿತು. ಹಳೇ ಮನೆಗಳ ಗೋಡೆ ಮೇಲಿರೋ ಜಿಂಕೆ, ಕಾಟಿ ತಲೆಗಳನ್ನ ಬರಿಗೈಯಲ್ಲಿ ಸವರಬೇಡಿ, ಮಕ್ಕಳಿಗಂತೂ ಬಿಡಲೇಬೇಡಿ. ಆ ಕಾಲದಲ್ಲಿ ಚರ್ಮಕ್ಕೆ ಹುಳ ಬೀಳದ ಹಾಗೆ ಆರ್ಸೆನಿಕ್ ಹಾಕ್ತಿದ್ದರು. ಅದು ಇವತ್ತಿಗೂ ವಿಷವೇ.

ಟಗರಿನ ಹತ್ತಿರ ಕೂತು ಮೊದಲು ಮಾಡಿದ್ದು ಫೋಟೊ. ಎರಡು ಪಕ್ಕ, ಮುಂದೆ, ಮೇಲಿಂದ. ಪ್ರತಿ ಫೋಟೊದಲ್ಲೂ ಒಂದು ಸ್ಟೀಲ್ ಸ್ಕೇಲು ಇಟ್ಟೆ. ಇಲ್ಲದಿದ್ದರೆ ಫೋಟೊದಲ್ಲಿ ಯಾವುದು ಎಷ್ಟು ಅಂತ ಆಮೇಲೆ ಗೊತ್ತಾಗೋದಿಲ್ಲ. ಕ್ಯಾಮೆರಾ ಮೂತಿಗೆ ತೀರಾ ಹತ್ತಿರ ಹಿಡಿದರೆ ಮೂಗು ದಪ್ಪ ಬರುತ್ತದೆ, ಸ್ವಲ್ಪ ದೂರ ನಿಂತು ತೆಗೆಯಬೇಕು.

ಆಮೇಲೆ ಟೇಪು. ಟೈಲರ್ ಬಳಸೋ ಟೇಪೇ ಸಾಕು, ಆದರೆ ಹಳೇ ಬಟ್ಟೆ ಟೇಪು ಬೇಡ, ಅದು ಹಿಗ್ಗಿರುತ್ತದೆ. ಹೊಸದೊಂದು ತಗೊಂಡು ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ಸರಿ ಇದೆಯಾ ನೋಡಿಕೊಳ್ಳಿ. ಕಣ್ಣಿಂದ ಮೂಗು 5 ಇಂಚು 3 ನೂಲು ಬಂತು. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ ಬಂದ ಮೇಲೆ ಬರೆದೆ. ಎರಡು ಕಣ್ಣಿನ ಮುಂದಿನ ಮೂಲೆಗಳ ನಡುವೆ ಎಷ್ಟು, ಹಿಂದಿನ ಮೂಲೆಗಳ ನಡುವೆ ಎಷ್ಟು. ಇದಕ್ಕೆ ಟೇಪು ಬರೋದಿಲ್ಲ, ಹಣೆ ಉಬ್ಬು ಅಡ್ಡ ಬರುತ್ತದೆ, ಬಡಗಿ ಬಳಸೋ ಕೈವಾರ ಬೇಕು. ಕಿವಿ ಬುಡದಿಂದ ತುದಿಗೆ 6 ಇಂಚು. ಬಲಗಿವಿ ಅಂಚಿನಲ್ಲಿ ಮುಳ್ಳು ಸೀಳಿದ ಹಳೇ ಗಾಯ, ತುದಿಯಿಂದ ಒಂದೂವರೆ ಇಂಚು ಒಳಗೆ. ಅದನ್ನೂ ಬರೆದೆ. ತಾತ ಬರೆದ ಹಾಗೇ, "ಹಾಗೇ ಇರಲಿ" ಅಂತ.

ಕೊರಳ ಎಳೆಗಳ ವಿಷಯ ಇಲ್ಲಿ ಬರುತ್ತದೆ. ಚರ್ಮ ಬಿಡಿಸಿದ ಮೇಲೆ ಕತ್ತಿನ ಚರ್ಮ ಒಂದು ಖಾಲಿ ತೋಳಿನ ಹಾಗೆ. ಅದನ್ನ ಒಳಮೈಗೆ ಏರಿಸುವಾಗ ಎಷ್ಟು ತಿರುಗಿದೆ, ಎಷ್ಟು ಮೇಲೆ ಹೋಗಿದೆ ಅಂತ ತಿಳಿಯೋದೇ ಇಲ್ಲ. ಈ ಎರಡು ಎಳೆ ದವಡೆ ಮೂಳೆಯಿಂದ ಎಷ್ಟು ಕೆಳಗೆ, ಒಂದಕ್ಕೊಂದು ಎಷ್ಟು ದೂರ ಅಂತ ಮೊದಲೇ ಬರೆದುಕೊಂಡಿದ್ದರೆ, ಚರ್ಮಾನ ತನ್ನ ಜಾಗಕ್ಕೇ ತಂದು ನಿಲ್ಲಿಸಬಹುದು. ಇಂಥ ಗುರುತಿಲ್ಲದ ಪ್ರಾಣಿಯಾದರೆ ಕೂದಲ ಸುಳಿ, ಬಣ್ಣ ಬದಲಾಗೋ ಗೆರೆ, ಏನು ಸಿಕ್ಕಿದರೂ ಸರಿ.

ಕತ್ತಿನ ಸುತ್ತಳತೆ ಮೂರು ಕಡೆ. ಕಿವಿ ಹಿಂದೆ 14 ಇಂಚು, ನಡುವೆ 16, ಭುಜಕ್ಕೆ ಸೇರೋ ಕಡೆ 19½. ಒಂದೊಂದರ ನಡುವಿನ ದೂರವನ್ನೂ ಬರೆಯಬೇಕು, ಇಲ್ಲದಿದ್ದರೆ ಆ 16 ಎಲ್ಲಿಯದು ಅಂತ ಹೇಗೆ ಗೊತ್ತಾಗಬೇಕು? ಕತ್ತು ಹಿಂದಕ್ಕೆ ಮಡಿಚಿಕೊಂಡಿದ್ದರೂ ಮುಂದಕ್ಕೆ ಎಳೆದಿದ್ದರೂ ನಂಬರು ಬದಲಾಗುತ್ತದೆ. ಪ್ರಾಣಿ ಸುಮ್ನೆ ನಿಂತಾಗ ಕತ್ತು ಹೇಗಿರುತ್ತದೋ ಹಾಗೆ ಇಟ್ಟು ಅಳೆಯಬೇಕು.

ನಾನು ನಡುಕತ್ತಿಗೆ ಟೇಪು ಸುತ್ತಿ ತೆಗೆದ ಮೇಲೆ ಮಾವ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಟಗರಿನ ಕತ್ತಿಗೆ ಎರಡೂ ಕೈ ಹಾಕಿ ಹಿಡಿದರು. ಹೆಬ್ಬೆರಳು ಮೇಲೆ ಸೇರಿದವು, ಮಿಕ್ಕ ಬೆರಳ ತುದಿಗಳು ಕೆಳಗೆ ಒಂದಕ್ಕೊಂದು ಮುಟ್ಟಿದವು. ಹಾಗೇ ಹಿಡಿದುಕೊಂಡು ಬೆರಳು ಕೂಡಿದ ಜಾಗ ನೋಡ್ತಾ ಕೂತಿದ್ದರು. ದುಃಖಕ್ಕೆ ಹಿಡಿದಿದ್ದಾರೆ ಅಂದುಕೊಂಡು ನಾನು ಬೇರೆ ಕಡೆ ತಿರುಗಿ ಬರೀತಾ ಇದ್ದೆ.

ಇಷ್ಟೆಲ್ಲ ಆದ ಮೇಲೆ ಚಾಕು. ಚರ್ಮ ಬಿಡಿಸಿದ ಮೇಲೆ ಅದೇ ಮೂರು ಜಾಗದಲ್ಲಿ ಬರೀ ಮಾಂಸದ ಮೇಲೆ ಮತ್ತೆ ಟೇಪು ಹಾಕಬೇಕು. ಇದನ್ನ ಯಾರೂ ಬಿಡಬಾರದು. ಯಾಕೆಂದರೆ ಒಳಮೈ ಮಾಡಬೇಕಾದದ್ದು ಚರ್ಮದ ಒಳಗಿನ ಅಳತೆಗೆ. ಚರ್ಮ ಮೂರು ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಂಡರೂ ಸುತ್ತಳತೆಯಲ್ಲಿ ಹತ್ತಿರ ಹತ್ತಿರ 19 ಮಿಲಿಮೀಟರ್ ಆಗುತ್ತದೆ, ಅಂದರೆ ಮುಕ್ಕಾಲು ಇಂಚು. ನಡುಕತ್ತು ಚರ್ಮದ ಮೇಲೆ 16 ಇದ್ದದ್ದು ಮಾಂಸದ ಮೇಲೆ 15¼ ಬಂತು, ಲೆಕ್ಕ ಸರಿಯಾಗಿ ಕೂತಿತು. ಕೈವಾರದಲ್ಲಿ ಕಣ್ಣುಗುಡ್ಡೆ 29 ಮಿಲಿಮೀಟರ್. ಗಾಜಿನ ಕಣ್ಣು ಅದಕ್ಕಿಂತ ಒಂದು ಚೂರು ಕಮ್ಮಿ ತಗೋಬೇಕು, ನಾನು 28 ತರಿಸಿದೆ.

ಕಣ್ಣಿನ ವಿಷಯ ಸ್ವಲ್ಪ ಹೇಳಲೇಬೇಕು. ಹುಲಿ, ಚಿರತೆ ಕಣ್ಣಿನ ಪಾಪೆ ದುಂಡಗೆ. ಮನೆ ಬೆಕ್ಕಿನ ಹಾಗೆ ಸೀಳು ಪಾಪೆ ಹಾಕಿದರೆ ಹುಲಿ ಹೋಗಿ ಬೆಕ್ಕಾಗುತ್ತದೆ. ಕುರಿಯದ್ದು ಅಡ್ಡ ಗೆರೆ. ಕುರಿ ಮೇಯೋಕೆ ತಲೆ ತಗ್ಗಿಸಿದಾಗಲೂ ಆ ಗೆರೆ ನೆಲಕ್ಕೆ ಅಡ್ಡಡ್ಡವಾಗಿಯೇ ಇರುತ್ತದೆ, ಕಣ್ಣುಗುಡ್ಡೆಯೇ ಒಳಗೆ ತಿರುಗಿಕೊಳ್ಳುತ್ತದೆ. ಹಟ್ಟಿಗೆ ಹೋದಾಗ ಒಂದು ಸಲ ಕೂತು ನೋಡಿ, ಆಶ್ಚರ್ಯ ಆಗುತ್ತದೆ. ಹಾಗಾಗಿ ಮುಖ ಎಷ್ಟೇ ಓರೆಯಾಗಿ ಕೂರಿಸಿದರೂ ಪಾಪೆ ಮಾತ್ರ ನೆಲಕ್ಕೆ ಸಮ ಇರಬೇಕು. ಕಾರಂಜಿ ಕೆರೆ ಪಕ್ಕದ ಪ್ರಕೃತಿ ವಿಜ್ಞಾನ ಮ್ಯೂಸಿಯಂಗೆ ನಾನು ಎಷ್ಟೋ ಸಲ ಹೋಗೋದು ಬರೀ ಕಣ್ಣು ನೋಡೋಕೆ.

ಚರ್ಮಕ್ಕೆ ಉಪ್ಪು, ಆಮೇಲೆ ಪಟಿಕ, ಇದೆಲ್ಲ ಬೇರೆಯೇ ದೊಡ್ಡ ವಿಷಯ, ಇನ್ನೊಂದು ದಿನ ಬರೀತೀನಿ. ಒಳಮೈ ಮಾತ್ರ ಹೇಳ್ತೀನಿ. ಹೊರದೇಶದಲ್ಲಿ ಒಂದೊಂದು ಪ್ರಾಣಿಗೂ ಅಳತೆವಾರು ಫೋಮಿನ ತಲೆಗಳು ಸಿದ್ಧವಾಗೇ ಸಿಗುತ್ತವೆ. ಬಂಡೂರು ಕುರಿಗೆ ಯಾರು ಮಾಡಿಟ್ಟಿರ್ತಾರೆ? ನಾನು ಹಳೇ ದಾರಿ ಹಿಡಿದೆ. ತಲೆಬುರುಡೆಯನ್ನೇ ಬೇಯಿಸಿ ಶುದ್ಧ ಮಾಡಿ, ಮರದ ಪಟ್ಟಿಗೆ ಬಿಗಿದು, ಕತ್ತಿಗೆ ತೆಂಗಿನ ನಾರು ಸುತ್ತುತ್ತಾ ಹುರಿಯಿಂದ ಬಿಗಿಯುತ್ತಾ ಹೋದೆ. ಹತ್ತು ಸುತ್ತಿಗೊಮ್ಮೆ ಟೇಪು. ಕಿವಿ ಹಿಂದೆ 13¼, ನಡುವೆ 15¼, ಬುಡಕ್ಕೆ 18¾. ಒಂದು ನೂಲೂ ಆಚೆ ಈಚೆ ಆಗದ ಹಾಗೆ ಮಾಡಿದೆ. ಮೊಲದ ಹುಡುಗಿ ನನ್ನ ತಲೆಯಲ್ಲೇ ಇದ್ದಳು.

ನೆನೆಸಿದ ಚರ್ಮ ಏರಿಸಿದೆ. ಕಣ್ಣಿನ ಮೇಲೆ ಕಣ್ಣು ಕೂತಿತು, ಮೂಗಿನ ಮೇಲೆ ಮೂಗು. ಆದರೆ ಕತ್ತಿನ ನಡುವೆ ಚರ್ಮ ಜಾಸ್ತಿ ಆಗಿ ಮಡಿಕೆ ಬೀಳ್ತಿತ್ತು. ಎಷ್ಟು ಸವರಿದರೂ ಎಲ್ಲೋ ಒಂದು ಕಡೆ ಮುದುರಿಕೊಳ್ಳೋದು. ಚರ್ಮ ಹಿಗ್ಗಿದೆ, ಚರ್ಮದ ಮಾತು ಕೇಳಬಾರದು ಅಂತ ತಾನೇ ನಾನು ಕಲಿತದ್ದು? ಟೇಪೇ ಸರಿ ಅಂದುಕೊಂಡು, ಹೊಲಿಗೆ ಹಾಕೋಕೆ ಮೊದಲು ಮಾವನನ್ನ ಮೈಸೂರಿಗೆ ಕರೆಸಿದೆ.

ಮಾವ ಮೊದಲು ಮುಖ ನೋಡಿದರು. ಬಲಗಿವಿಯ ಸೀಳಿನ ಮೇಲೆ ಬೆರಳಾಡಿಸಿದರು. "ಔದು, ಇದೇಯ" ಅಂದರು. ನನಗೆ ಉಸಿರು ಬಂತು. ಆಮೇಲೆ ಅವತ್ತು ಹುಣಸೇಮರದ ಕೆಳಗೆ ಹಿಡಿದ ಹಾಗೇ ಕತ್ತಿಗೆ ಎರಡೂ ಕೈ ಹಾಕಿದರು. ಬೆರಳ ತುದಿಗಳು ಮುಟ್ಟಿದವು.

"ಇದು ಸತ್ತ ದಿನದ ಕತ್ತು ಕಣ್ಲಾ" ಅಂದರು. "ಅದು ಎಂಗಿತ್ತು ಗೊತ್ತಾ? ನಾನು ಇಂಗೆ ಇಡಕಂಡ್ರೆ ಎರಡು ಬೆಳ್ಳು ಕಮ್ಮಿ ಬರದು. ಕೊನೇಗೆ ಇಳ್ದೋಯ್ತು."

ಹತ್ತು ಹನ್ನೆರಡು ದಿನ ಮೇವು ಮುಟ್ಟದ ಪ್ರಾಣಿ. ಅದರ ಮಾಂಸ ಕರಗಿತ್ತು. ನಾನು ಅಷ್ಟು ಜೋಪಾನವಾಗಿ, ಮೂರು ಮೂರು ಸಲ ಅಳೆದು ಬರೆದುಕೊಂಡದ್ದು ಕಾಯಿಲೆ ಬಿದ್ದ ಟಗರನ್ನ. ಅದು ನನಗೆ ಹೊಳೆದೇ ಇರಲಿಲ್ಲ. ಮಾವನಿಗೆ ಅವತ್ತೇ, ಬೆರಳು ಮುಟ್ಟಿದಾಗಲೇ ಗೊತ್ತಾಗಿತ್ತು. ಒಂಬತ್ತು ವರ್ಷ ದಿನಾ ಆ ಕತ್ತು ಹಿಡಿದು ಹಟ್ಟಿಯಿಂದ ಆಚೆ ತಂದವರು ಅವರು. ಚರ್ಮ ಮಡಿಕೆ ಬೀಳ್ತಿದ್ದದ್ದು ಹಿಗ್ಗಿದ್ದಕ್ಕಲ್ಲ. ತುಂಬಿದ ಕತ್ತಿಗೆ ಬೆಳೆದ ಚರ್ಮ ಅದು, ಸೊರಗಿದ ಕತ್ತಿನ ಮೇಲೆ ಸಡಿಲವಾಗಿ ನಿಂತಿತ್ತು.

ಮಾವನ ಎರಡು ಬೆರಳಿಗೆ ಟೇಪು ಹಿಡಿದೆ. ಒಂದೂವರೆ ಇಂಚು. 16ಕ್ಕೆ ಅದು ಸೇರಿದರೆ 17½. ಚರ್ಮದ ಮುಕ್ಕಾಲು ಇಂಚು ಕಳೆದರೆ ಒಳಮೈ 16¾ ಇರಬೇಕು. ಅವರ ಹಳೇ ಫೋನಿನಲ್ಲಿ ಮಾರಿಹಬ್ಬದ ಫೋಟೊ ಒಂದಿತ್ತು, ಅದರಲ್ಲಿ ಟಗರು ಪಕ್ಕಕ್ಕೆ ತಿರುಗಿ ನಿಂತಿದೆ. ಫೋಟೊದಲ್ಲಿ ಕಣ್ಣಿಂದ ಮೂಗಿನ ದೂರ ಅಳೆದೆ. ಮೂಳೆಯ ಅಳತೆ ಅದು, ಕಾಯಿಲೆಗೆ ಬದಲಾಗೋದಿಲ್ಲ, 5 ಇಂಚು 3 ನೂಲು ಅಂತ ನನ್ನ ಹತ್ತಿರ ಇತ್ತಲ್ಲ. ಅದಕ್ಕೆ ಕತ್ತಿನ ಅಗಲ ಎಷ್ಟು ಪಾಲು ಅಂತ ಲೆಕ್ಕ ಹಾಕಿ ನೋಡಿದೆ. ಫೋಟೊದಿಂದ ಸುತ್ತಳತೆ ನಿಖರವಾಗಿ ಬರೋದಿಲ್ಲ, ಆದರೂ ಮಾವನ ಬೆರಳು ಹೇಳಿದ್ದಕ್ಕೆ ಹತ್ತಿರವೇ ಬಂತು.

ಚರ್ಮ ಇಳಿಸಿ, ಒದ್ದೆ ಬಟ್ಟೆ ಸುತ್ತಿಟ್ಟು, ಮತ್ತೆ ನಾರು ಸುತ್ತೋಕೆ ಕೂತೆ. ಮಾವ ಹುರಿ ಹಿಡಿದುಕೊಟ್ಟರು. 16½ ಬಂದಾಗ ಚರ್ಮ ಏರಿಸಿ ನೋಡಿದೆವು. ಮಡಿಕೆ ಇರಲಿಲ್ಲ. ಕೊರಳ ಎರಡು ಎಳೆ ತಮ್ಮ ಜಾಗಕ್ಕೆ ಬಂದು ನಿಂತವು. ಇನ್ನೂ ಕಾಲು ಇಂಚು ತುಂಬಿಸಬಹುದಿತ್ತು, ಆದರೆ ಚರ್ಮ ಬಿಗಿಯಾಗಿ ಕೂತರೆ ಒಣಗುವಾಗ ಹೊಲಿಗೆ ಬಾಯಿ ಬಿಡುತ್ತದೆ, ಅಲ್ಲಿಗೇ ನಿಲ್ಲಿಸಿದೆ. ಮಾವ ಮತ್ತೆ ಕೈ ಹಾಕಿ ಹಿಡಿದು ನೋಡಿದರು. ಬೆರಳುಗಳ ನಡುವೆ ಜಾಗ ಇತ್ತು. "ಇನ್ನೂ ವಸಿ ಇತ್ತು" ಅಂದರು, ಅಂದವರು ಕೈ ತೆಗೀಲಿಲ್ಲ.

ತಾತನ ನೋಟ್‌ಬುಕ್ಕಿನಲ್ಲಿ ಖಾಲಿ ಪುಟಗಳು ಇನ್ನೂ ಇವೆ. ಒಂದರಲ್ಲಿ ಟಗರಿನ ಅಳತೆ ಎರಡು ಸಾಲಾಗಿ ಬರೆದಿಟ್ಟಿದ್ದೇನೆ, ಎಡಕ್ಕೆ ಸತ್ತ ದಿನ, ಬಲಕ್ಕೆ ಬದುಕಿದ್ದಾಗ. ಬಲಗಡೆ ಸಾಲಿನಲ್ಲಿ ಒಂದೇ ನಂಬರು ಇದೆ, ಪಕ್ಕದಲ್ಲಿ "ಮಾವನ ಕೈ" ಅಂತ ಬರೆದಿದ್ದೇನೆ. ಈಗ ಯಾರಾದರೂ ಮುಂದೆ ಮಾಡಿಕೊಡ್ತೀರಾ ಅಂತ ಕೇಳಿದರೆ, ಪ್ರಾಣಿ ಚೆನ್ನಾಗಿರುವಾಗಲೇ ಒಂದು ಟೈಲರ್ ಟೇಪು ತಗೊಂಡು ಕಣ್ಣಿಂದ ಮೂಗು, ಕತ್ತು ಮೂರು ಕಡೆ, ಎದೆ ಸುತ್ತಳತೆ ಬರೆದಿಟ್ಟುಕೊಳ್ಳಿ ಅಂತೀನಿ. ನಾಯಿ ಇರಲಿ, ಹಸು ಇರಲಿ, ಐದು ನಿಮಿಷದ ಕೆಲಸ. ಕೆಲವರಿಗೆ ಅಪಶಕುನ ಅನ್ನಿಸುತ್ತದೆ, ಬಲವಂತ ಮಾಡೋದಿಲ್ಲ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಆ ಟಗರಿನ ಮರಿ ಈಗ ಎರಡು ವರ್ಷದ ಗಂಡು, ಅಪ್ಪನದೇ ಕಂದು ಮೂತಿ. ಮಾವ ತೊಡೆ ನಡುವೆ ಅದನ್ನ ಹಿಡಿದು ನಿಲ್ಲಿಸಿಕೊಂಡರು, ನಾನು ಟೇಪು ಹಾಕಿದೆ. ಒಂದು ಕ್ಷಣ ಸುಮ್ಮನಿರಲಿಲ್ಲ. ಟೇಪಿನ ತುದಿ ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟಿತು. ನಡುಕತ್ತು 17 ಬಂತು. ಮಾವ ಕೈ ಹಾಕಿ ನೋಡಿ, ಮಳೆಗಾಲ ಕಳೀಲಿ, ಇನ್ನೂ ಬರ್ತದೆ ಅಂದರು.